ಟೆಕ್ ಲೀಡ್ ಆಗೋದಾ, ಸ್ಕ್ರಮ್ ಮಾಸ್ಟರ್ ಆಗೋದಾ?

ಸಾಫ್ಟ್‌ವೇರ್ ತಂಡದಲ್ಲಿ ತಾಂತ್ರಿಕ ವಿಷಯಗಳಿಗೆ ದಾರಿ ತೋರಿಸುವವರು ಟೆಕ್ ಲೀಡ್. ಸ್ಕ್ರಮ್ ಅನ್ನೋ ಕೆಲಸದ ಪದ್ಧತಿ ತಂಡದಲ್ಲಿ ಸರಿಯಾಗಿ ನಡೆಯುವಂತೆ ನೋಡಿಕೊಂಡು, ಅಡ್ಡಿಗಳನ್ನು ತೆಗೆಸುವವರು ಸ್ಕ್ರಮ್ ಮಾಸ್ಟರ್. ಎರಡರಲ್ಲೂ ಸಾಮಾನ್ಯವಾಗಿ ಅಪ್ರೈಸಲ್, ರಜೆ, ಸಂಬಳ ಯಾವುದೂ ನಿಮ್ಮ ಕೈಯಲ್ಲಿ ಇರುವುದಿಲ್ಲ. ಜನ ನಿಮ್ಮ ಮಾತು ಕೇಳಬೇಕಾದರೆ ನಿಮ್ಮ ಮೇಲೆ ನಂಬಿಕೆ ಇರಬೇಕು, ಅಷ್ಟೇ. ಆದರೆ ಅದು ಬರುವ ದಾರಿ ಬೇರೆ ಬೇರೆ.

ಟೆಕ್ ಲೀಡ್‌ಗೆ ಅದು ಕೋಡ್‌ನಿಂದ ಬರುತ್ತದೆ. ರಾತ್ರಿ ಹನ್ನೊಂದಕ್ಕೆ ಪ್ರೊಡಕ್ಷನ್ (ಗ್ರಾಹಕರು ಬಳಸುವ ಸಿಸ್ಟಂ) ಬಿದ್ದಾಗ ಲಾಗ್ (ಸಿಸ್ಟಂ ಬರೆದಿಡುವ ದಾಖಲೆ) ತೆರೆದು ಜೊತೆಗೆ ಕೂತವರನ್ನು ತಂಡ ಮರೆಯುವುದಿಲ್ಲ. ಬೇರೆಯವರ ಕೋಡ್ ರಿವ್ಯೂ ಮಾಡುವಾಗ 'ಇದು ತಪ್ಪು' ಅಂತ ಬರೆದು ಬಿಡುವುದಕ್ಕೂ, 'ಇಲ್ಲಿ ಲಿಸ್ಟ್ ಖಾಲಿ ಬಂದರೆ ಏನಾಗುತ್ತೆ?' ಅಂತ ಕೇಳುವುದಕ್ಕೂ ಎಷ್ಟು ವ್ಯತ್ಯಾಸ ಅಲ್ವಾ? ಹೊಸಬರು ಹೀಗೆ ಕೇಳುವವರ ಹತ್ತಿರವೇ ಹೋಗುತ್ತಾರೆ. ಕಷ್ಟ ಏನೆಂದರೆ, ಎಲ್ಲವನ್ನೂ ನೀವೇ ಸರಿಮಾಡುವ ಚಟ ಹತ್ತಿಬಿಡುತ್ತದೆ.

ಸ್ಕ್ರಮ್ ಮಾಸ್ಟರ್‌ಗೆ ಆ ಆಸರೆ ಇಲ್ಲ. ನನಗಂತೂ ಇದೇ ಜಾಸ್ತಿ ಕಷ್ಟ ಅನಿಸುತ್ತದೆ. ಸ್ಕ್ರಮ್ ಪದ್ಧತಿಯ ಕೈಪಿಡಿಯಾದ 2020ರ ಸ್ಕ್ರಮ್ ಗೈಡ್ ಇವರನ್ನು ತಂಡದ ಸೇವೆ ಮಾಡುವ ನಾಯಕರು ಎನ್ನುತ್ತದೆ. 15 ನಿಮಿಷದ ಡೈಲಿ ಸ್ಕ್ರಮ್ (ತಂಡದ ದಿನದ ಸಭೆ) ಅನ್ನು ಹಾಜರಿ ಕೂಗುವಂತೆ ನಡೆಸಿದರೆ ಮುಗೀತು, ಒಂದೇ ವಾರದಲ್ಲಿ ವಿಡಿಯೋ ಕಾಲ್‌ನಲ್ಲಿ ಕ್ಯಾಮೆರಾ ಎಲ್ಲ ಬಂದ್. 'ಟೆಸ್ಟ್ ಸರ್ವರ್‌ಗೆ ಆಕ್ಸೆಸ್ ಸಿಕ್ಕಿಲ್ಲ' ಅಂದವರಿಗೆ ಸಂಜೆಯೊಳಗೆ ಕೊಡಿಸಿ ನೋಡಿ. ಮರುದಿನದಿಂದ ನಿಜವಾದ ತೊಂದರೆಗಳನ್ನು ಹೇಳಲು ಶುರುಮಾಡುತ್ತಾರೆ.

ಕೋಡ್ ಬರೆಯದೆ ಇರೋಕೆ ಆಗಲ್ಲ ಅಂದರೆ ಮೊದಲನೆಯದು. ಹತ್ತು ಜನಕ್ಕೆ ಫೋನ್ ಮಾಡಿ, ಬೆನ್ನುಬಿದ್ದು ಕೆಲಸ ಮಾಡಿಸುವ ತಾಳ್ಮೆ ಇದ್ದರೆ ಎರಡನೆಯದು.