ಧಾರವಾಡ ಕೋರ್ಟ್ ಹತ್ತಿರದ ಟೈಪಿಂಗ್ ಅಂಗಡಿ: ಕೆಟ್ಟ ಹಾಳೆಯನ್ನೂ ವಾಪಸ್ ಕೊಡುವ ಅಕ್ಕ

ತಂಗಿಯ ಕೇಸಿಗಾಗಿ 6 ತಿಂಗಳಿಂದ ಹುಬ್ಬಳ್ಳಿಯಿಂದ ಚಿಗರಿ ಬಸ್ ಹತ್ತಿ ಧಾರವಾಡಕ್ಕೆ ಓಡಾಡುತ್ತಿದ್ದೇನೆ. ಕೋರ್ಟ್ ಸುತ್ತ ಟೈಪಿಂಗ್, ಜೆರಾಕ್ಸ್ ಅಂಗಡಿಗಳಿಗೆ ಬರವೇನಿಲ್ಲ. ಆದ್ರೆ ನಾನು ಈಗ ಹೋಗೋದು ಒಬ್ಬ ಅಕ್ಕ ನಡೆಸುವ ಸಣ್ಣ ಅಂಗಡಿಗೆ ಮಾತ್ರ.

ಮೊದಲು ಬೇರೆ ಕಡೆ ಹೋಗಿದ್ದೆ. ಅಲ್ಲಿ ಲೆಕ್ಕ ಬರೆದು ಕೊಟ್ಟ ಚೀಟಿಯನ್ನು ಸುಮ್ನೆ ತಿರುಗಿಸಿದೆ. ಹಿಂದೆ ಯಾರದೋ ಜೀವನಾಂಶ ಅರ್ಜಿಯ ಅರ್ಧ ಹಾಳೆ! ಹೆಸರು, ಊರು, ಗಂಡ ಹೊಡೆದ ವಿವರ, ಎಲ್ಲಾ ಇತ್ತು. ಪ್ರಿಂಟ್ ಕೆಟ್ಟಿದ್ದನ್ನು ಹರಿದು ರಫ್ ಪೇಪರ್ ಮಾಡಿದ್ದರು. ನಾಳೆ ನಮ್ಮ ತಂಗಿಯ ಹಾಳೆ ಯಾರ ಕೈಗೆ ಹೋಗುತ್ತೋ ಅಂತ ಹೊಟ್ಟೆ ತೊಳಸಿದಂಗಾಯ್ತು. ಆ ಚೀಟಿಯನ್ನು ಚೂರುಚೂರು ಮಾಡಿ ಎಸೆದೆ.

ಈ ಅಕ್ಕ ಕೆಟ್ಟ ಹಾಳೆಯನ್ನೂ ಎಣಿಸಿ ನಮ್ಮ ಕೈಗೇ ಕೊಡುತ್ತಾರೆ. ಫೈಲನ್ನು ನಮ್ಮ ಪೆನ್‌ಡ್ರೈವಿಗೆ ಹಾಕಿ, ನಮ್ಮೆದುರೇ ಅಳಿಸಿ, ರಿಸೈಕಲ್ ಬಿನ್ ಕೂಡ ಖಾಲಿ ಮಾಡುತ್ತಾರೆ. ಅರ್ಜಿಯನ್ನು ಗಟ್ಟಿಯಾಗಿ ಓದಿ ಕೇಳಲ್ಲ. ಸ್ಕ್ರೀನ್ ಮೇಲೆ ಬೆರಳಿಟ್ಟು "ಇದು ಬರೋಬರಿ ಐತೇನ್ರಿ ಅಣ್ಣಾರ?" ಅಂತಾರೆ, ಅಷ್ಟೇ. ಹಿಂದೆ ನಿಂತವರಿಗೆ ಏನೂ ತಿಳಿಯಲ್ಲ.

ಕೋರ್ಟ್ ಕಲಾಪ ಎಲ್ಲರೂ ನೋಡುವಂತಿರಬೇಕು, ಅದು ಸರಿಯೇ. ಮುಂದಿನ ತಾರೀಖನ್ನು ಇ-ಕೋರ್ಟ್ಸ್ ಆ್ಯಪ್‌ನಲ್ಲಿ ನೋಡಿಕೊಳ್ಳೋದು ನಮಗೂ ಅನುಕೂಲ. ಆದ್ರೆ ಗಂಡ ಹೆಂಡತಿ ಜಗಳಕ್ಕೆ ಕಾನೂನೇ ಬಾಗಿಲು ಹಾಕಿಕೊಡುತ್ತೆ: 1984ರ ಕೌಟುಂಬಿಕ ನ್ಯಾಯಾಲಯ ಕಾಯ್ದೆ ಪ್ರಕಾರ ಇಬ್ಬರಲ್ಲಿ ಒಬ್ಬರು ಕೇಳಿದರೂ ಹೊರಗಿನವರನ್ನು ಬಿಡದೆ ವಿಚಾರಣೆ ನಡೆಸಬೇಕು. ಹಿಂದೂ ವಿವಾಹ ಕಾಯ್ದೆಯಡಿ ಇಂಥ ಕೇಸಿನ ವಿಷಯ ಅಚ್ಚು ಹಾಕುವಂತಿಲ್ಲ, ಹಾಕಿದರೆ ದಂಡ ಹೆಚ್ಚೆಂದರೆ 1,000 ರೂಪಾಯಿ, ಅದು ತೀರಾ ಕಡಿಮೆ ಆಯ್ತು ಅಲ್ವಾ. ಕಕ್ಷಿದಾರರು ನಂಬಿ ಹೇಳಿದ್ದನ್ನು ವಕೀಲರು ಬಾಯಿಬಿಡುವಂತಿಲ್ಲ, ಅವರ ಗುಮಾಸ್ತರೂ ಅಷ್ಟೇ. ಇಷ್ಟೆಲ್ಲಾ ಕಾವಲು ಇದ್ದರೂ ಅದೇ ಕಾಗದ ರಸ್ತೆ ದಾಟಿ ಜೆರಾಕ್ಸ್ ಅಂಗಡಿಗೆ ಬಂದಾಗ ಅದನ್ನು ಕಾಯೋದು ಅಂಗಡಿಯವರ ಮನಸ್ಸು ಒಂದೇ.

ಕೊರತೆ ಅಂದ್ರೆ, ಇರೋದು ಒಂದೇ ಪ್ರಿಂಟರ್, ಬೆಳಿಗ್ಗೆ 11ರ ಹೊತ್ತಿಗೆ ಪಾಳಿ ಬಹಳ. ಪುಟಕ್ಕೆ 5 ರೂಪಾಯಿ ಜಾಸ್ತಿ ಕೂಡ, ಖುಷಿಯಿಂದ ಕೊಡ್ತೀನಿ. ತಾರೀಖಿನ ಹಿಂದಿನ ದಿನ ಸಂಜೆಯೇ ಹೋಗಿ. ಪೆನ್‌ಡ್ರೈವ್ ಮರೀಬೇಡಿ, ವಾಟ್ಸಾಪಿನಲ್ಲಿ ಕಳಿಸ್ತೀನಿ ಅಂದ್ರೆ ಅಕ್ಕ ಒಪ್ಪಲ್ಲ.