ಹಳೆ ಡ್ಯಾನಿಶ್ ಪುಟಗಳಿಗೆ ಧಾರವಾಡದ ಹೊಲಿಗೆ
ಕೆ.ಸಿ.ಡಿ. (ಕರ್ನಾಟಕ ಕಾಲೇಜು, ಧಾರವಾಡ) ಆಸುಪಾಸಿನ ಈ ಪುಟ್ಟ ಝೆರಾಕ್ಸ್-ಬೈಂಡಿಂಗ್ ಅಂಗಡಿಯ ಕೈಚಳಕ ತಿಳಿಯಬೇಕೆಂದರೆ ಹಾನ್ಸ್ ನಾನ್ಸೆನ್ (1598–1667) ಕಾಲದ ಸ್ಕ್ಯಾನ್ ಪುಟಗಳನ್ನು ಕೊಟ್ಟು ನೋಡಬೇಕು. ಆತ 1644ರಿಂದ ಡೆನ್ಮಾರ್ಕಿನ ರಾಜಧಾನಿ ಕೋಪನ್‌ಹೇಗನ್ನಿನ ಮೇಯರ್, 1658–60ರ ಸ್ವೀಡಿಷ್ ಮುತ್ತಿಗೆಯಲ್ಲಿ ಊರಿಗೆ ಧೈರ್ಯವಾಗಿ ನಿಂತವ, ಮುಂದೆ 1661ರಲ್ಲಿ ಶುರುವಾದ ಅಲ್ಲಿನ ಸರ್ವೋಚ್ಚ ನ್ಯಾಯಾಲಯದ ನ್ಯಾಯಾಧೀಶ. ಎಂಥ ಬದುಕು!

ಆಗಿನ ಗಾಥಿಕ್ (ಕೋನಕೋನದ ಹಳೆ ಅಕ್ಷರಗಳ) ಅಚ್ಚಿನಲ್ಲಿ ಉದ್ದನೆಯ ‘ಎಸ್’ಗೂ (ſ) ‘ಎಫ್’ಗೂ ಸಣ್ಣ ಅಡ್ಡಗೀಟಿನಷ್ಟೇ ವ್ಯತ್ಯಾಸ. ಬರೀ ಕಪ್ಪು-ಬಿಳುಪಿನಲ್ಲಿ ತೆಗೆದರೆ ಅದು ಅಳಿಸಿಹೋಗುತ್ತದೆ. ಗ್ರೇಸ್ಕೇಲ್ (ಬೂದು ಛಾಯೆಗಳೂ ಉಳಿಯುವ ಬಗೆ), 600 ಡಿಪಿಐ (ಇಂಚಿಗೆ ಅಷ್ಟು ಚುಕ್ಕಿ) ಎಂದೇ ಹೇಳಿ. ಎ3 ಹಾಳೆಯಲ್ಲಿ ಬುಕ್‌ಲೆಟ್ ಕ್ರಮದಲ್ಲಿ ಮುದ್ರಿಸಿ, 4 ಹಾಳೆ ಮಡಿಚಿದರೆ 16 ಪುಟದ ಒಂದು ಫಾರ್ಮ್. ಬೆನ್ನಿನ ಕಡೆ 20 ಮಿ.ಮೀ. ಅಂಚು ಬಿಡಿಸಿ, ಇಲ್ಲದಿದ್ದರೆ ಮೊದಲಕ್ಷರಗಳು ಮಡಿಕೆಯೊಳಗೆ ಸೇರುತ್ತವೆ. ಇವರ ದಾರದ ಹೊಲಿಗೆ ಅಪ್ಪಟ ಗಟ್ಟಿ. ಅಂಟಿನ ಬೈಂಡಿಂಗ್ ಮಾತ್ರ ಬೇಡ, ನಾಲ್ಕಾರು ಸಲ ಅಗಲಿಸಿದರೆ ಹಾಳೆ ಕಿತ್ತು ಬರುತ್ತವೆ.