ಹೊಕ್ಕುಳು ಎಳೆಯುವುದೋ, ಬೈರಾಸು ಒಣ ಹಾಕುವುದೋ: ಪಿಲಾಟೀಸ್ ಕಲಿಸುವ ಮೂರು ದಾರಿ

ಬದಿಯಡ್ಕದ ಹತ್ತಿರ ಒಂದು ಅಂಗಡಿಯ ಮಾಳಿಗೆಯಲ್ಲಿ ನನ್ನ ಪಿಲಾಟೀಸ್ ಕ್ಲಾಸು. ಹೊಟ್ಟೆ, ಬೆನ್ನು ಗಟ್ಟಿ ಮಾಡುವ ಒಂದು ವ್ಯಾಯಾಮ ಕ್ರಮ ಇದು. ಕೆಳಗೆ ಅಡಿಕೆ ವ್ಯಾಪಾರ, ಮೇಲೆ ನಾವು. ಮಾಡಿಗೆ ಶೀಟು ಹಾಕಿದ್ದಾರೆ. ಆಟಿ ತಿಂಗಳ ಮಳೆ ಹೊಡೆದರೆ ನನ್ನ ಮಾತು ಮುಂದಿನ ಸಾಲಿಗೂ ಕೇಳುವುದಿಲ್ಲ. ಸ್ಪ್ರಿಂಗ್ ಇರುವ ರಿಫಾರ್ಮರ್ ಯಂತ್ರ ನಮ್ಮಲ್ಲಿಲ್ಲ, ಬರೀ ಚಾಪೆ. ಬರುವವರಲ್ಲಿ ತೋಟದ ಕೆಲಸ ಮಾಡುವ ಹೆಂಗಸರೇ ಜಾಸ್ತಿ. ಬೀಡಿ ಕಟ್ಟುವ ಅಕ್ಕಂದಿರು ಇದ್ದಾರೆ, ಶಾಲೆ ಟೀಚರ್ ಇಬ್ಬರಿದ್ದಾರೆ. ಮನೆಯಲ್ಲೇ ಕೂತು ಬೆಂಗಳೂರಿನ ಕಂಪೆನಿಗೆ ಕೆಲಸ ಮಾಡುವ ಒಬ್ಬ ಹುಡುಗಿಯೂ ಇದ್ದಾಳೆ.

ಇವರಿಗೆ ಒಂದೇ ವ್ಯಾಯಾಮಗಳನ್ನು ಮೂರು ರೀತಿಯಲ್ಲಿ ಕಲಿಸಿ ನೋಡಿದ್ದೇನೆ. ಒಂದು, ಸ್ನಾಯುಗಳ ಹೆಸರು ಹೇಳಿ ತಿದ್ದುತ್ತಾ ಹೋಗುವುದು. ಇನ್ನೊಂದು, ಮಾಡಿ ತೋರಿಸುವುದು. ಮತ್ತೊಂದು, ಏನಾದರೂ ಒಂದು ಕೆಲಸ ಕೊಟ್ಟು ಉಳಿದದ್ದನ್ನು ಮೈಗೇ ಬಿಡುವುದು. ಈಗ ನಾನು ಹೆಚ್ಚಾಗಿ ಮಾಡುವುದು ಈ ಕೊನೆಯದನ್ನೇ. ಆದರೆ ಅದೂ ನನಗೆ ಸರಿಯಾಗಿ ಕೈಕೊಟ್ಟದ್ದುಂಟು. ಅದನ್ನೂ ಹೇಳುತ್ತೇನೆ.

ಹೋಲಿಸಲಿಕ್ಕೆ ರೋಲ್ ಅಪ್ ಅನ್ನುವ ವ್ಯಾಯಾಮ ಒಳ್ಳೆಯದು. ಅಂಗಾತ ಮಲಗಬೇಕು, ಕೈಗಳನ್ನು ತಲೆಯ ಆಚೆ ಚಾಚಬೇಕು. ಅಲ್ಲಿಂದ ತಲೆ, ಎದೆ, ಸೊಂಟ ಅಂತ ಒಂದೊಂದಾಗಿ ಚಾಪೆಯಿಂದ ಬಿಡಿಸುತ್ತಾ ಎದ್ದು ಕೂರಬೇಕು. ಕಾಲು ನೆಲ ಬಿಡಬಾರದು. ನೋಡಲು ಸುಲಭ, ಮಾಡಿ ನೋಡಿದರೆ ಗೊತ್ತಾಗುತ್ತದೆ.

ನಾನು ಕಲಿತ ತರಬೇತಿಯಲ್ಲಿ ಇದಕ್ಕೆ ಒಂದು ಇಡೀ ಹಾಳೆ ಸೂಚನೆ ಕೊಟ್ಟಿದ್ದರು. ಗಲ್ಲ ಒಳಗೆ, ಪಕ್ಕೆಲುಬು ಕೆಳಗೆ, ಹೊಕ್ಕುಳು ಬೆನ್ನುಮೂಳೆಗೆ, ಹೆಗಲು ಕಿವಿಯಿಂದ ದೂರ, ಸೊಂಟದ ತಳದ ಸ್ನಾಯು ಮೇಲಕ್ಕೆ. ಮೊದಲ ಬ್ಯಾಚಿಗೆ ನಾನು ಅದನ್ನೇ ಒಪ್ಪಿಸಿದೆ. ಸೊಂಟದ ತಳದ ಸ್ನಾಯು ಅಂದಾಗ ಎಲ್ಲರೂ ಮುಖ ಮುಖ ನೋಡಿಕೊಂಡರು. ‘ಮೂತ್ರ ತಡೆದ ಹಾಗೆ’ ಅಂದೆ. ಹಾಲ್ ಇಡೀ ನಗು. ಆ ದಿನ ಮತ್ತೆ ಯಾರೂ ಎದ್ದು ಕೂರಲಿಲ್ಲ.

ನಕ್ಕದ್ದು ದೊಡ್ಡ ವಿಷಯವಲ್ಲ. ಹೊಕ್ಕುಳು ಒಳಗೆ ಎಳೆಯಿರಿ ಅಂದ ಕೂಡಲೇ ಎಲ್ಲರೂ ಉಸಿರು ಕಟ್ಟುತ್ತಿದ್ದರು. ಮುಖ ಕೆಂಪು, ಕುತ್ತಿಗೆಯ ನರ ಉಬ್ಬುತ್ತದೆ, ಹೆಗಲು ಕಿವಿಯ ಹತ್ತಿರ. ಐದು ಸೂಚನೆಯಲ್ಲಿ ಒಂದನ್ನು ಪಾಲಿಸಲು ಹೋಗಿ ನಾಲ್ಕು ತಪ್ಪುತ್ತಿತ್ತು. ಎರಡು ತಿಂಗಳಾದರೂ ‘ಟೀಚರ್, ಈಗ ಸರಿ ಉಂಟಾ?’ ಅಂತ ಕೇಳುವುದು ನಿಲ್ಲಲಿಲ್ಲ. ನಾನು ರಜೆ ಹಾಕಿದರೆ ಮನೆಯಲ್ಲಿ ಯಾರೂ ಮಾಡುತ್ತಿರಲಿಲ್ಲ. ಸರಿಯೋ ತಪ್ಪೋ ಹೇಳುವವಳು ನಾನೊಬ್ಬಳೇ ಅಲ್ವಾ?

ಈ ಹೊಕ್ಕುಳಿನ ಮಾತು ಇಷ್ಟು ಹಬ್ಬಲು ಒಂದು ಕಾರಣ ಉಂಟು. 1996ರಲ್ಲಿ ಆಸ್ಟ್ರೇಲಿಯಾದ ಹಾಜಸ್ ಮತ್ತು ರಿಚರ್ಡ್‌ಸನ್ ಒಂದು ಪ್ರಯೋಗ ಪ್ರಕಟಿಸಿದರು. ಕೈ ಎತ್ತುವಾಗ ಹೊಟ್ಟೆಯ ಒಳಪದರದ ಒಂದು ಸ್ನಾಯು ಯಾವಾಗ ಬಿಗಿಯಾಗುತ್ತದೆ ಅಂತ ನೋಡಿದರು. ಸೊಂಟನೋವು ಇರುವವರಲ್ಲಿ ಅದು ತಡವಾಗಿ ಬಿಗಿಯಾಯಿತು. ಹಾಗಾದರೆ ಅದನ್ನು ಬೇಕೆಂದೇ ಬಿಗಿ ಮಾಡಿಸೋಣ ಅಂತ ಮುಂದೆ ಬಂದವರು ಹೊರಟರು. ನನಗೆ ಆ ಪ್ರಯೋಗದ ಇನ್ನೊಂದು ಬದಿಯೇ ಹೆಚ್ಚು ಇಷ್ಟ. ನೋವಿಲ್ಲದವರಲ್ಲಿ ಕೈ ಅಲುಗುವ ಮೊದಲೇ ಆ ಸ್ನಾಯು ಎದ್ದು ನಿಂತಿತ್ತು. ಹೊಕ್ಕುಳು ಎಳೆಯಿರಿ ಅಂತ ಅವರಿಗೆ ಯಾರೂ ಹೇಳಿರಲಿಲ್ಲ.

ಎರಡನೇ ಬ್ಯಾಚಿಗೆ ನಾನು ಬಾಯಿ ಮುಚ್ಚಿಕೊಂಡೆ. ಮಾಡಿ ತೋರಿಸುವುದು, ಅಷ್ಟೆ. ನಮ್ಮೂರಿಗೆ ಇದು ಹೊಸತಲ್ಲ. ಇದು ಕುಂಬಳೆ ಸೀಮೆ, ಯಕ್ಷಗಾನ ಕವಿ ಪಾರ್ತಿಸುಬ್ಬನ ಊರು. ಇಲ್ಲಿ ಯಕ್ಷಗಾನದ ಮಕ್ಕಳು ಧೀಂಗಿಣ, ಅಂದರೆ ತಿರುಗಿ ಹಾರುವ ಕುಣಿತ, ಕಲಿಯುವುದು ಸ್ನಾಯುವಿನ ಹೆಸರು ಕೇಳಿ ಅಲ್ಲ, ಗುರುಗಳು ಹಾರಿದ್ದನ್ನು ನೋಡಿ. ಮತ್ತೆ ನಮ್ಮ ಹಾಲಿನಲ್ಲಿ ಕನ್ನಡ, ತುಳು, ಮಲೆಯಾಳ, ಮರಾಠಿ, ಬ್ಯಾರಿ ಐದೂ ಓಡುತ್ತವೆ. ತೋರಿಸಿದರೆ ಭಾಷೆಯ ಗಲಾಟೆಯೇ ಇಲ್ಲ. ಮಳೆ ಬಂದರೂ ತೊಂದರೆ ಇಲ್ಲ.

ಮೊದಲ ಎರಡು ವಾರ ಇದೇ ಎಲ್ಲಕ್ಕಿಂತ ಬೇಗ ಹತ್ತಿದ ದಾರಿ. ಆಮೇಲೆ ತೊಡಕು ಶುರುವಾಯಿತು. ನಾನು ಮಲಗಿದರೆ ನನಗೆ ಯಾರೂ ಕಾಣುವುದಿಲ್ಲ. ಅವರೂ ಮಲಗಿಕೊಂಡು ನನ್ನನ್ನು ನೋಡಲು ಕುತ್ತಿಗೆ ತಿರುಚುತ್ತಾರೆ. ಕುತ್ತಿಗೆ ತಿರುಚಿ ರೋಲ್ ಅಪ್ ಮಾಡಿದರೆ ಏನಾಗಬಹುದು ಅಂತ ನೀವೇ ಯೋಚಿಸಿ. ಒಂದು ದಿನ ನೋಡಿದರೆ ಹಾಲಿನಲ್ಲಿ ಮುಕ್ಕಾಲು ಜನರ ಬಲ ಹೆಗಲು ಎಡಕ್ಕಿಂತ ಮೇಲಿದೆ. ಇದೆಲ್ಲಿಂದ ಬಂತು ಅಂತ ತಲೆ ಕೆಡಿಸಿಕೊಂಡು ಮನೆಗೆ ಹೋದೆ. ಕನ್ನಡಿ ಮುಂದೆ ನಿಂತಾಗ ಗೊತ್ತಾಯಿತು. ವರ್ಷಗಟ್ಟಲೆ ಒಂದೇ ಹೆಗಲಿಗೆ ಚೀಲ ಹಾಕಿ ಬಸ್ಸಿನಲ್ಲಿ ಓಡಾಡಿದ ನನ್ನ ಬಲ ಹೆಗಲನ್ನು ಅವರು ಚಾಚೂ ತಪ್ಪದೆ ಕಲಿತಿದ್ದರು.

ಮೂರನೇ ದಾರಿ ನನಗೆ ಸಿಕ್ಕಿದ್ದು ಕೆಳಗಿನ ಅಂಗಡಿಯಲ್ಲಿ. ಅಡಿಕೆ ಸುಲಿಯುವ ಅಕ್ಕ ಒಬ್ಬರು ಕತ್ತಿಯ ಮುಂದೆ ಕೂತಿದ್ದರು. ಒಂದು ಅಡಿಕೆ ದೊಡ್ಡದು, ಒಂದು ಸಣ್ಣದು, ಒಂದು ಓರೆ. ಕೈ ಪ್ರತಿ ಸಲ ಬೇರೆ ದಾರಿಯಲ್ಲಿ ಹೋಗುತ್ತದೆ, ಸಿಪ್ಪೆ ಮಾತ್ರ ಪ್ರತಿ ಸಲ ಸರಿಯಾಗಿ ಬರುತ್ತದೆ. ಅವರು ಮಾತಾಡುತ್ತಿದ್ದುದು ಪಕ್ಕದ ಮನೆಯ ಮದುವೆಯ ಬಗ್ಗೆ. 1920ರ ದಶಕದಲ್ಲಿ ಮಾಸ್ಕೋದಲ್ಲಿ ವಿಜ್ಞಾನಿ ನಿಕೊಲಾಯ್ ಬರ್ನ್‌ಸ್ಟೈನ್ ಇದನ್ನೇ ಸುತ್ತಿಗೆ ಹೊಡೆಯುವವರಲ್ಲಿ ಕಂಡಿದ್ದರು. ಸುತ್ತಿಗೆ ಒಂದೇ ಜಾಗಕ್ಕೆ ಬೀಳುತ್ತದೆ, ಆದರೆ ಭುಜ, ಮೊಣಕೈ, ಮಣಿಕಟ್ಟು ಪ್ರತಿ ಏಟಿಗೂ ಬೇರೆ ಬೇರೆ ರೀತಿ ಹೊಂದಿಕೊಳ್ಳುತ್ತವೆ. ಎಲ್ಲಿ ತಲುಪಬೇಕು ಅಂತ ಗೊತ್ತಿದ್ದರೆ ಹೇಗೆ ಹೋಗಬೇಕು ಅಂತ ಮೈಯೇ ಹುಡುಕಿಕೊಳ್ಳುತ್ತದೆ.

ಮರುದಿನ ಎಲ್ಲರಿಗೂ ಮನೆಯಿಂದ ಬೈರಾಸು, ಅಂದರೆ ಮೈ ಒರೆಸುವ ಬಟ್ಟೆ, ತರಲು ಹೇಳಿದೆ. ಎರಡು ಕೈಯಲ್ಲಿ ಅದರ ತುದಿಗಳನ್ನು ಬಿಗಿಯಾಗಿ ಹಿಡಿದು ಮಲಗಿ. ಮೊಣಕಾಲು ಸ್ವಲ್ಪ ಮಡಚಿರಲಿ. ಕಾಲ ಬೆರಳಿನ ಆಚೆ ಒಂದು ಹಗ್ಗ ಉಂಟು. ನಿಧಾನಕ್ಕೆ ಎದ್ದು ಅದರ ಮೇಲೆ ಬೈರಾಸು ಒಣ ಹಾಕಿ. ಸುಕ್ಕು ಬೀಳಬಾರದು.

ಇಷ್ಟೇ ಹೇಳಿದ್ದು. ಸುಕ್ಕು ಬೀಳಬಾರದು ಅಂದದ್ದಕ್ಕೆ ಕೈ ತಾನಾಗಿ ಎಳೆದು ನಿಂತಿತು, ಹೆಗಲು ಇಳಿಯಿತು. ಹಗ್ಗ ದೂರ ಇದೆ ಅಂದದ್ದಕ್ಕೆ ಬೆನ್ನು ಉದ್ದವಾಯಿತು. ಉಸಿರು ಯಾರೂ ಕಟ್ಟಲಿಲ್ಲ. ಎಂಟು ವಾರ ಹೊಕ್ಕುಳು ಎಳೆದೂ ಏಳದಿದ್ದ ಒಬ್ಬ ಅಕ್ಕ ಅಂದೇ ಎದ್ದರು. ಎದ್ದು, ‘ಇಷ್ಟೆಯಾ?’ ಅಂದರು. ನನಗೆ ಸ್ವಲ್ಪ ಅವಮಾನವೇ ಆಯಿತು.

ಇದಕ್ಕೆ ಪ್ರಯೋಗದ ಬೆಂಬಲವೂ ಉಂಟು. 1998ರಲ್ಲಿ ಗೇಬ್ರಿಯೆಲ್ ವುಲ್ಫ್ ಮತ್ತು ಜೊತೆಗಾರರು ಹಿಮದಲ್ಲಿ ಜಾರುವ ಆಟದ ಅಭ್ಯಾಸಕ್ಕಿರುವ ಸ್ಕೀ ಯಂತ್ರದ ಮೇಲೆ ಜನರನ್ನು ನಿಲ್ಲಿಸಿದರು. ಕೆಲವರಿಗೆ ನಿಮ್ಮ ಪಾದದ ಕಡೆ ಗಮನ ಕೊಡಿ ಅಂದರು, ಕೆಲವರಿಗೆ ಪಾದದ ಕೆಳಗಿನ ಚಕ್ರದ ಕಡೆ. ಚಕ್ರದ ಕಡೆ ಗಮನ ಕೊಟ್ಟವರೇ ಚೆನ್ನಾಗಿ ಕಲಿತರು. ಪಾದಕ್ಕೂ ಚಕ್ರಕ್ಕೂ ಎಷ್ಟು ಅಂತರ? ಒಂದು ಗೇಣೂ ಇರಲಿಕ್ಕಿಲ್ಲ.

ಈ ವ್ಯಾಯಾಮ ಕ್ರಮವನ್ನು ಹುಟ್ಟುಹಾಕಿದ ನಮ್ಮ ಜೋಸೆಫ್ ಪಿಲಾಟೀಸ್ ಅಜ್ಜ ಯಾವ ಕಡೆ ಅಂತ ಕೇಳಬಹುದು. 1883ರಲ್ಲಿ ಜರ್ಮನಿಯಲ್ಲಿ ಹುಟ್ಟಿದವರು. ಮೊದಲ ಮಹಾಯುದ್ಧದ ಸಮಯದಲ್ಲಿ ಇಂಗ್ಲೆಂಡಿನಲ್ಲಿ ಸೆರೆಯಲ್ಲಿದ್ದರು. ಆಮೇಲೆ ನ್ಯೂಯಾರ್ಕಿಗೆ ಹೋದರು. ತಮ್ಮ ಕ್ರಮಕ್ಕೆ ‘ಕಂಟ್ರಾಲಜಿ’ ಅಂತ ಹೆಸರಿಟ್ಟರು. ಹೆಸರಿನಲ್ಲೇ ಹಿಡಿತ ಉಂಟು. ಹಾಗಾಗಿ ತಿದ್ದುವ ಪಂಥದವರು ಅವರನ್ನು ತಮ್ಮವರು ಅನ್ನುತ್ತಾರೆ. ಆದರೆ ಅವರ 1945ರ ಪುಸ್ತಕದಲ್ಲೇ ಇನ್ನೊಂದು ಮಾತೂ ಇದೆ. ಮೊದಲು ಬೇಕೆಂದೇ ಹಿಡಿತ ಕಲಿಯಬೇಕು, ಆಮೇಲೆ ಮಾಡಿ ಮಾಡಿ ಸಹಜ ಲಯ ಬರಬೇಕು ಅಂತ. ಆ ಲಯಕ್ಕೆ ಅವರು ಕೊಡುವ ಉದಾಹರಣೆ ಸಾಕುಪ್ರಾಣಿ, ಕಾಡುಪ್ರಾಣಿ. ಪುಸ್ತಕದ 34 ವ್ಯಾಯಾಮಗಳ ಹೆಸರು ನೋಡಿ: ಗರಗಸ, ಹಂಸ, ಏಡಿ, ಈಜು, ಕತ್ತರಿ. ಒಂದರಲ್ಲೂ ಸ್ನಾಯುವಿನ ಹೆಸರಿಲ್ಲ. ಸೀಲ್ ಅಂತ ಒಂದುಂಟು. ಆ ಪ್ರಾಣಿಯನ್ನು ಇಲ್ಲಿ ಯಾರು ಕಂಡಿದ್ದಾರೆ? ಉರುಳಿ ಬಂದು ಪಾದ ಪಾದ ತಟ್ಟಬೇಕು. ಯಕ್ಷಗಾನದ ಚಕ್ರತಾಳ ಹಾಕಿ ಅಂದೆ, ಮುಗಿಯಿತು.

ಇನ್ನು ಕೈಕೊಟ್ಟ ಕಥೆ. ಆ ಬ್ಯಾಚಿನಲ್ಲಿ ಎಲ್ಲರಿಗಿಂತ ಚಂದ ರೋಲ್ ಅಪ್ ಮಾಡುತ್ತಿದ್ದವರು ಎಪ್ಪತ್ತರ ಹತ್ತಿರದ ಒಬ್ಬ ದೊಡ್ಡಮ್ಮ. ಜೀವನವಿಡೀ ನೆಲದಲ್ಲಿ ಕೂತು ಎದ್ದವರು. ಬೆನ್ನು ಬಾಳೆ ಎಲೆ ಸುರುಳಿ ಬಿಚ್ಚಿದ ಹಾಗೆ ಏಳುತ್ತಿತ್ತು. ಎಲ್ಲರಿಗೂ ಅವರನ್ನು ತೋರಿಸಿ ನೋಡಿ ಕಲಿಯಿರಿ ಅನ್ನುತ್ತಿದ್ದೆ. ಒಂದು ದಿನ ಬೇರೆ ಯಾವುದೋ ಕಾರಣಕ್ಕೆ ಮಾಡಿಸಿದ ಮೂಳೆ ಪರೀಕ್ಷೆಯ ಚೀಟಿ ತಂದರು. ಮೂಳೆ ಸವೆದು ಟೊಳ್ಳಾಗಿದೆ ಅಂತ ಬರೆದಿತ್ತು. ಅಂಥವರು ಬೆನ್ನು ಬಾಗಿಸಿ ಏಳುವ ವ್ಯಾಯಾಮ ಮಾಡಬಾರದು, ಬೆನ್ನುಮೂಳೆಯ ಮಣಿ ಕುಸಿಯುವ ಅಪಾಯ ಉಂಟು. ಅವರ ಮೈ ಅದನ್ನು ಹೇಳಲೇ ಇಲ್ಲ. ನೋವಿಲ್ಲ, ಬಿಗಿ ಇಲ್ಲ, ಹಿತವಾಗಿಯೇ ಇತ್ತು. ಏನೂ ಆಗಲಿಲ್ಲ, ನನ್ನ ಪುಣ್ಯ. ಈಗ ಹೊಸಬರು ಬಂದರೆ ಚಾಪೆ ಹಾಸುವ ಮೊದಲು ಮೂಳೆ, ಬಿಪಿ, ಆಪರೇಷನ್ ಎಲ್ಲ ಕೇಳುತ್ತೇನೆ. ದೊಡ್ಡಮ್ಮ ಈಗಲೂ ಬರುತ್ತಾರೆ. ಬೆನ್ನು ನೇರ ಇಟ್ಟು ಮಾಡುವುದನ್ನಷ್ಟೇ ಮಾಡುತ್ತಾರೆ. ‘ನನ್ನನ್ನು ಯಾಕೆ ತೋರಿಸುವುದಿಲ್ಲ?’ ಅಂತ ಸಿಟ್ಟೂ ಮಾಡುತ್ತಾರೆ.

ಬೀಡಿ ಕಟ್ಟುವ ಅಕ್ಕನ ವಿಷಯ ಬೇರೆ. ವರ್ಷಾನುಗಟ್ಟಲೆ ಮಡಿಲಲ್ಲಿ ತಡ್ಪೆ, ಅಂದರೆ ಮೊರ, ಇಟ್ಟು ತಲೆ ಬಗ್ಗಿಸಿ ಕೂತವರು. ಹೆಗಲ ಹಿಂದೆ ಬೆನ್ನು ಮರದ ಹಾಗೆ ಗಟ್ಟಿ. ಹಂಸಕ್ಕೆ ಕವುಚಿ ಮಲಗಿ ಎದೆ ಎತ್ತಬೇಕು. ‘ನೆಲದಲ್ಲಿ ಒಂದು ಇರುವೆ ಹೋಗುತ್ತಿದೆ, ಅದು ಗೋಡೆ ಹತ್ತುವಾಗ ಕಣ್ಣಲ್ಲೇ ಹಿಂಬಾಲಿಸಿ’ ಅಂದೆ. ಉಳಿದವರಿಗೆಲ್ಲ ಅದು ಸಾಕಾಯಿತು. ಇವರಿಗೆ ಎದ್ದದ್ದು ಬರೀ ಕುತ್ತಿಗೆ. ಹಿಂದೆ ಮುರಿದ ಹಾಗೆ ಮಡಚಿಕೊಂಡಿತು. ಮೈಗೆ ಬಿಟ್ಟರೆ ಮೈ ತನಗೆ ಗೊತ್ತಿರುವ ದಾರಿಯಲ್ಲೇ ಹೋಗುತ್ತದೆ, ಅಲ್ವಾ? ಅವರ ಮೈಗೆ ನಡುಬೆನ್ನು ಅಂತ ಒಂದು ಜಾಗ ಇರುವುದೇ ಮರೆತುಹೋಗಿತ್ತು. ಹೆಗಲ ಎಲುಬು ಹಿಂದಕ್ಕೆ ಕೆಳಕ್ಕೆ ಅಂತ ಹಳೆಯ ದಾರಿಗೆ ಹೋದೆ. ಇನ್ನೂ ಬಿಗಿಯಾದರು. ಕಡೆಗೆ ಅವರ ತಡ್ಪೆಯನ್ನೇ ತರಿಸಿದೆ. ಮುಂದೆ ಇಟ್ಟು, ಎರಡು ಅಂಗೈ ಅದರ ಮೇಲೆ. ‘ತಡ್ಪೆಯನ್ನು ನಿಮ್ಮ ಕಡೆ ಎಳೆಯಿರಿ, ಆದರೆ ಅದು ಜಾರಬಾರದು’ ಅಂದೆ. ಜೊತೆಗೆ ನಡುಬೆನ್ನಿನ ಮೇಲೆ ನನ್ನ ಎರಡು ಬೆರಳು. ಎದೆ ಮುಂದಕ್ಕೆ ತೆರೆದುಕೊಂಡಿತು. ಮೂರು ವಾರ ಬೇಕಾಯಿತು, ನಡುವೆ ನಾನೇ ಎರಡು ಸಲ ಕೈಬಿಟ್ಟಿದ್ದೆ.

ಲ್ಯಾಪ್‌ಟಾಪ್ ಹುಡುಗಿಗೆ ಮೊದಲನೇ ದಾರಿಯೇ ಇಷ್ಟ. ಬೈರಾಸು, ಇರುವೆ ಎಲ್ಲ ಮಕ್ಕಳಾಟ ಅನಿಸುತ್ತದಂತೆ. ‘ಯಾವ ಸ್ನಾಯು ಅಂತ ಹೇಳಿ ಅಕ್ಕಾ, ಸುಮ್ನೆ ಹೇಗೆ ಮಾಡುವುದು?’ ಅಂತ ಕೇಳುತ್ತಾಳೆ. ಈಗ ಅವಳಿಗೆ ಮೊದಲು ಕೆಲಸ ಕೊಡುತ್ತೇನೆ, ಮಾಡಿ ಮುಗಿದ ಮೇಲೆ ಹೆಸರು ಹೇಳುತ್ತೇನೆ. ಮಾಡುವಾಗ ಹೇಳಿದರೆ ಅವಳೂ ಉಸಿರು ಕಟ್ಟುತ್ತಾಳೆ. ತೋರಿಸುವ ದಾರಿಯನ್ನು ಹೊಸ ವ್ಯಾಯಾಮದ ಮೊದಲ ದಿನಕ್ಕೆ ಮಾತ್ರ ಇಟ್ಟಿದ್ದೇನೆ. ಒಂದೇ ಸಲ, ಅವರು ಕೂತು ನೋಡುವಾಗ. ಚೀಲವನ್ನು ಎಡ ಹೆಗಲಿಗೂ ಬದಲಿಸಿದ್ದೇನೆ.

ಮೈಗೆ ಬಿಡಲು ಆಗದೇ ಹೋದ ವ್ಯಾಯಾಮ ಹಂಡ್ರೆಡ್. ಮಲಗಿ ತಲೆ ಎತ್ತಿ, ಕೈಗಳನ್ನು ಮೇಲೆ ಕೆಳಗೆ ಬಡಿಯುತ್ತಾ ಐದು ಎಣಿಕೆ ಉಸಿರು ಒಳಗೆ, ಐದು ಹೊರಗೆ. ಹೀಗೆ ಹತ್ತು ಸುತ್ತು, ಒಟ್ಟು ನೂರು. ಒಲೆ ಊದಿದ ಹಾಗೆ ಅಂದು ನೋಡಿದೆ, ಊದುವುದು ಸರಿಯಾಯಿತು, ಎಳೆದುಕೊಳ್ಳುವುದು ಮರೆಯಿತು. ಇದಕ್ಕೆ ಲೆಕ್ಕವೇ ಬೇಕು. ಲೆಕ್ಕ ಈಗ ನಾನು ಹೇಳುವುದಿಲ್ಲ, ಹಾಲಿನ ಐದು ಭಾಷೆಗೆ ತಲಾ ಎರಡು ಸುತ್ತು. ತುಳುವಿನವರು ಶುರು ಮಾಡುತ್ತಾರೆ: ಒಂಜಿ, ರಡ್ಡ್, ಮೂಜಿ, ನಾಲ್, ಐನ್. ಮರಾಠಿಯ ಅಕ್ಕನ ಸರದಿ ಕೊನೆಗೆ. ಅವರು ಬಾರದ ದಿನ ನಮ್ಮ ಹಂಡ್ರೆಡ್ ಎಂಬತ್ತಕ್ಕೇ ನಿಲ್ಲುತ್ತದೆ.